ಪುಟಿಯುವ ತನಕ

ಜೂನ್ ೯, ಸೋಮವಾರ

ಶಬನಂ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆಗಿದ್ದಾಳೆ. ಸುದ್ದಿ ಅವಳಿಂದ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಪೇಪರ್ ಹರಡಿಕೊಂಡು ಕೂತಿದ್ದ ವಿಜ್ಞಾನದ ಮಾಸ್ತರು ಮಾರೇಶರಿಂದ ಬಂತು. ನಿಮ್ಮ ಜೋಡಿ ಆಡಿದವಳಂತಲ್ಲ ಗಂಗೋತ್ರಿ ಮೇಡಂ ಎಂದು ಅವರು ಅಂದದ್ದೇ ತಡ, ಎಲ್ಲರೂ ಬಂದು ನನ್ನ ಕೈ ಕುಲುಕಿದರು, ನಾನೇ ಬಾಣಂತಿ ಎನ್ನುವ ಹಾಗೆ. ಹೆಡ್‌ಮೇಡಂ ಪೇಡೆ ತರಿಸಿದರು. ನಾನೂ ಒಂದು ತಿಂದೆ. ಇನ್ನೊಂದು ಕೊಟ್ಟರು, ಅದನ್ನೂ ತಿಂದೆ. ಬೇಡ ಎಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು.

ಇದನ್ನು ಓದುವವರು ಯಾರೂ ಇಲ್ಲ, ಹಾಗಾಗಿ ಮುಚ್ಚುಮರೆ ಏಕೆ? ನನಗೆ ಹೊಟ್ಟೆಕಿಚ್ಚಾಗಿದೆ. ಬೆಳಿಗ್ಗೆಯಿಂದ ಆಗುತ್ತಲೇ ಇದೆ.

ಇಬ್ಬರೂ ಬಳ್ಳಾರಿಯ ನಬೀಸಾಬರ ಕೈಯಲ್ಲಿ ಆಟ ಕಲಿತವರು. ಸೈಕಲ್ ರಿಪೇರಿ ಅಂಗಡಿಯ ಬಾಗಿಲು ತೆರೆಯುವ ಮೊದಲು ಅವರು ದಿನಾ ಬೆಳಿಗ್ಗೆ ಕಂಟೋನ್ಮೆಂಟ್ ಮೈದಾನದಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದರು. ನಾನು ಕುರುಗೋಡಿನವಳು, ಶಬನಂ ಸಿರುಗುಪ್ಪದವಳು. ರಾಜ್ಯ ತಂಡದಲ್ಲಿ ನಾನು ಕ್ಯಾಪ್ಟನ್. ಅವಳು ಬೆಂಚಿನ ಮೇಲೆ ಕೂತು ನನಗೆ ನೀರಿನ ಬಾಟ್ಲಿ ಎಸೆಯುತ್ತಿದ್ದವಳು. ಆಮೇಲೆ ನನಗೆ ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿತು, ಮದುವೆಯಾಯಿತು. ಅವಳು ಮದುವೆಯ ಮಾತೆತ್ತಿದವರಿಗೆಲ್ಲ ಕೈಮುಗಿದು, ಒಂದೊಂದೇ ಕೋಚಿಂಗ್ ಪರೀಕ್ಷೆ ಪಾಸು ಮಾಡುತ್ತ, ಕಂಡವರ ಊರಿನ ತಂಡಗಳನ್ನು ತಿದ್ದುತ್ತ ಹೋದಳು. ಬೆಂಚಿನ ಮೇಲೆ ಕೂತವರಿಗೆ ಆಟ ಪೂರ್ತಿ ಕಾಣುತ್ತದೆ ಎಂದು ಈಗ ಪೇಪರಿನವರಿಗೆ ಹೇಳಿದ್ದಾಳೆ. ಮಾತು ಚೆನ್ನಾಗಿದೆ. ಯಾರೋ ಬರೆದುಕೊಟ್ಟಿರಬೇಕು.

ಜೂನ್ ೧೦, ಮಂಗಳವಾರ

ಶಬನಂ ಫೋನು. ಎತ್ತಲಿಲ್ಲ. ಮತ್ತೆ ಬಂತು. ಎತ್ತಿ, ಈಗ ತಾನೇ ಗೊತ್ತಾಯಿತು, ಬಹಳ ಖುಷಿ ಎಂದೆ.

ಜೂನ್ ೨೨, ಭಾನುವಾರ

ಇವತ್ತು ಬಳ್ಳಾರಿಯಲ್ಲಿ ಶಬನಂಗೆ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲವೂ. ಎರಡನೇ ಸಾಲಿನಲ್ಲಿ ಕೂತಿದ್ದ ನನ್ನನ್ನು ನಿರೂಪಕರು "ಇತರ ಗೆಳತಿಯರು" ಎಂಬಲ್ಲಿ ಸೇರಿಸಿಬಿಟ್ಟರು. ಅಲ್ಲಿ ಇದ್ದ ಇತರ ಗೆಳತಿ ನಾನೊಬ್ಬಳೇ.

ಶಬನಂ ತಾನೇ ಇಳಿದು ಬಂದು ನನ್ನ ಕೈ ಹಿಡಿದು ವೇದಿಕೆಗೆ ಎಳೆದಳು. ಅದು ಇನ್ನೂ ಕೆಟ್ಟದಾಯಿತು. ದೊಡ್ಡವರಾದ ಮೇಲೆ ದೊಡ್ಡತನ ತೋರಿಸುವುದು ಸುಲಭ. ನಬೀಸಾಬರಿಗೆ ಈಗ ಮಂಡಿ ನೋವು, ಕುರ್ಚಿಯಲ್ಲೇ ಕೂತು ಮೈಕು ಹಿಡಿದು ಮಾತಾಡಿದರು. ಅವರು ಆಡಿದ್ದು ಇಷ್ಟೇ: "ಗಂಗೋತ್ರಿಗಿ ಕಾಲು ಚಲೋ ಇದ್ವು. ಶಬನಂಗ ಕಿವಿ ಚಲೋ ಇದ್ವು." ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬರುವಾಗ ಸ್ಕೂಟರಿನ ಮೇಲೆ ಅದರ ಅರ್ಥ ಬಿಡಿಸಿಕೊಂಡೆ. ಅವಳು ಹೇಳಿದ್ದು ಕೇಳುತ್ತಿದ್ದಳು, ನಾನು ಕೇಳುತ್ತಿರಲಿಲ್ಲ, ಅಷ್ಟೇ ತಾನೇ? ಮೂವತ್ತು ವರ್ಷ ಇಟ್ಟುಕೊಂಡಿದ್ದ ಮಾತನ್ನು ಮೈಕು ಸಿಕ್ಕಿತೆಂದು ಇವತ್ತೇ ಹೇಳಬೇಕಿತ್ತೇ?

ಜೂನ್ ೨೩, ಸೋಮವಾರ

ಬೆಳಗಾಗುತ್ತಲೇ ಶಬನಂ ಕಂಟೋನ್ಮೆಂಟ್ ಮೈದಾನಕ್ಕೆ ಬಂದು, ಅಲ್ಲಿ ನಾನೀಗ ದಿನಾ ಆಡಿಸುವ ಹುಡುಗಿಯರ ಆಟ ನೋಡಿದಳು. ಹೋಗುವಾಗ ಉಚ್ಚೆಂಗೆಮ್ಮನನ್ನು ರಾಷ್ಟ್ರೀಯ ಕ್ಯಾಂಪಿಗೆ ಕಳಿಸು ಎಂದಳು.

ಉಚ್ಚೆಂಗೆಮ್ಮ ಸಿರುಗುಪ್ಪದ ಹತ್ತಿರದ ಕೆಂಚನಗುಡ್ಡದವಳು, ಅವಳಪ್ಪ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ. ಚಿಕ್ಕವಳಿದ್ದಾಗ ಬಳ್ಳಾರಿಯ ಹಾಸ್ಟೆಲಿಗೆ, ನಮ್ಮ ಶಾಲೆಗೆ ಬಂದವಳು ಈಗ ಕಾಲೇಜು, ಡಿಫೆಂಡರ್. ನನಗೆ ಮಕ್ಕಳಿಲ್ಲ. ಇದ್ದಿದ್ದರೂ ಅವಳಿಗೆ ಕೊಟ್ಟಷ್ಟು ಬೆಳಗಿನ ಹೊತ್ತುಗಳನ್ನು ಕೊಡುತ್ತಿದ್ದೆನೋ ಇಲ್ಲವೋ. ನಾನು ಇಷ್ಟು ವರ್ಷ ತಿದ್ದಿದ್ದನ್ನು ಶಬನಂ ಒಂದು ಗಂಟೆಯಲ್ಲಿ ಎತ್ತಿಕೊಂಡಳು.

ಎತ್ತಿಕೊಂಡವಳು ಸುಮ್ಮನಿದ್ದಳೇ? "ಚೆಂಡು ಪುಟಿಯೂತನ ಯಾಕ ಕಾಯ್ತಾಳ ಈಕಿ?" ಎಂದು ಕೇಳಿದಳು. ಬಳ್ಳಾರಿ ನೆಲವನ್ನು ಮರೆತಂತಿದೆ. ಕುರುಗೋಡಿನ ನೆಲ ಕಲ್ಲು, ಕಂಟೋನ್ಮೆಂಟಿನದು ಗಟ್ಟಿ ಗರಸು. ಎರಡರಲ್ಲೂ ಚೆಂಡು ಬಿದ್ದರೆ ತಲೆಗಿಂತ ಮೇಲೆ ಪುಟಿಯುತ್ತದೆ. ಓಡಿಹೋಗಿ ಕಾಲು ಹಾಕಿದವಳು ಚೆಂಡನ್ನು ಹಿಂದಕ್ಕೆ ಬಿಟ್ಟುಕೊಡುತ್ತಾಳೆ. ಒಂದು ಸಲ ಪುಟಿಯಲು ಬಿಟ್ಟು, ಇಳಿಯುವಾಗ ಹಿಡಿಯಬೇಕು. ಶಬನಂ ಸಿರುಗುಪ್ಪದಲ್ಲಿ ಕೊಯ್ಲಾದ ಭತ್ತದ ಗದ್ದೆಯಲ್ಲಿ ಆಡಿ ಬೆಳೆದವಳು. ಆ ಮೆತ್ತನೆಯ ಮಣ್ಣಿನಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ. ಅದಕ್ಕೇ ಆ ಕಡೆಯವರು ಚೆಂಡು ಗಾಳಿಯಲ್ಲಿರುವಾಗಲೇ ಒದೆಯುತ್ತಾರೆ. ಉಚ್ಚೆಂಗೆಮ್ಮ ಬಂದಾಗ ಅವಳದೂ ಅದೇ ಗದ್ದೆ ಆಟವಿತ್ತು. ಬಿಡಿಸಿದ್ದು ನಾನು.

ದೊಡ್ಡ ಮೈದಾನಗಳ ಹುಲ್ಲಿನ ಮೇಲೆ ಕಾದರೆ ಚೆಂಡು ಜಾರಿ ಹೋಗುತ್ತದೆ ಎಂದಳು ಶಬನಂ. ಹಾಗಿದ್ದರೆ ಅದನ್ನು ನೀನೇ ಕಲಿಸು, ನೀನೇ ರಾಷ್ಟ್ರೀಯ ಕೋಚ್ ಅಲ್ಲವೇ ಎಂದೆ. ನಕ್ಕಳು. ನಾನು ನಗಲಿಲ್ಲ.

ಜೂನ್ ೨೪, ಮಂಗಳವಾರ

ಸನ್ಮಾನದ ಫೋಟೋ ಪೇಪರಿನಲ್ಲಿ ಬಂದಿದೆ. ಶಬನಂ ಇದ್ದಾಳೆ, ಪೇಟ ಇದೆ, ಬುಟ್ಟಿಯಲ್ಲಿನ ಅನಾನಸ್ ಇದೆ. ನನ್ನ ಮೊಣಕೈ ಇದೆ.

ಜುಲೈ ೪, ಶುಕ್ರವಾರ

"ಶಬನಂ ಹೆಕ್ಕಿದ ಕೆಂಚನಗುಡ್ಡದ ಮುತ್ತು" ಎಂದು ಪೇಪರಿನಲ್ಲಿ ಶೀರ್ಷಿಕೆ, ಉಚ್ಚೆಂಗೆಮ್ಮ ಕ್ಯಾಂಪಿಗೆ ಹೋದದ್ದಕ್ಕೆ. ಪೂರ್ತಿ ಓದಿದೆ, ನನ್ನ ಹೆಸರಿಲ್ಲ. ಶಾಲೆಯ ಹೆಸರಿದೆ, ಅದೂ ತಪ್ಪಾಗಿ. ಮಾಡಿದವರದಲ್ಲ, ನೋಡಿದವರದು ಕೀರ್ತಿ ಎನ್ನುವ ಹಾಗಾಯಿತು. ಯಜಮಾನರು ಚನ್ನಬಸವರಾಜ ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುತ್ತಾರೆ. ಪ್ಯಾಂಟ್ ಹಾಕಿಕೊಂಡವರು ಗುಂಡಿ ಎಲ್ಲಿಂದ ಬಂತೆಂದು ಯಾವತ್ತಾದರೂ ಕೇಳಿದ್ದಾರೆಯೇ ಎಂದು ನನಗೆ ಸಮಾಧಾನ ಹೇಳಿದರು. ಸಮಾಧಾನವಾಗಲಿಲ್ಲ. ರಾತ್ರಿಗೆ ಅನ್ನ ಮಾತ್ರ ಮಾಡಿದೆ, ರೊಟ್ಟಿ ತಟ್ಟಲಿಲ್ಲ.

ಆಗಸ್ಟ್ ೧೭, ಭಾನುವಾರ

ಕ್ಯಾಂಪಿನಿಂದ ಶಬನಂ ಫೋನು. ದನಿ ದಣಿದಿತ್ತು. ಉಚ್ಚೆಂಗೆಮ್ಮ ಬಹಳ ಚೆನ್ನಾಗಿ ಆಡುತ್ತಿದ್ದಾಳಂತೆ. ಆದರೆ ಚೆಂಡು ಎತ್ತರದಿಂದ ಬಂದರೆ ಈಗಲೂ ಪುಟಿಯುವ ತನಕ ನಿಲ್ಲುತ್ತಾಳಂತೆ, ಕೇಳಿದರೆ ನಮ್ಮ ಮೇಡಂ ಹೀಗೇ ಕಲಿಸಿದ್ದು ಅನ್ನುತ್ತಾಳಂತೆ. "ಎಂಟು ದಿನ ಬಾ ಲೇ ಗಂಗಿ. ನೀ ಹೇಳಿದ್ರ ಬಿಡ್ತಾಳ, ನಾ ಹೇಳಿದ್ರ ಬಿಡವಲ್ಲಳು" ಎಂದಳು.

ಇದನ್ನು ಬರೆಯುವಾಗಲೂ ಮೈಯೆಲ್ಲ ಜುಂ ಎನ್ನುತ್ತಿದೆ. ರಾಷ್ಟ್ರೀಯ ಕೋಚಿನ ಮಾತಿಗಿಂತ ನನ್ನ ಮಾತು ದೊಡ್ಡದಾಯಿತು! ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿದೆ, ರಜೆ ಸಿಗುವುದಿಲ್ಲ ಎಂದೆ. ರಜೆ ಕೇಳಿಯೇ ಇಲ್ಲ. ಕೇಳಿದ್ದರೆ ಹೆಡ್‌ಮೇಡಂ ಹೂವಿನ ಹಾರ ಹಾಕಿ ಕಳಿಸುತ್ತಿದ್ದರು.

ಆಗಸ್ಟ್ ೧೮, ಸೋಮವಾರ

ಉಚ್ಚೆಂಗೆಮ್ಮ ತಾನೇ ಫೋನ್ ಮಾಡಿದಳು. ಇಲ್ಲಿ ಬೇರೆ ಥರ ಹೇಳುತ್ತಾರೆ, ಯಾವುದು ಮಾಡಲಿ ಎಂದು ಕೇಳಿದಳು. ಪಾಪ, ದನಿಯಲ್ಲಿ ಅಳು ಇತ್ತು.

"ನಾ ಕಲಿಸಿದ್ದು ಮರೀಬ್ಯಾಡ" ಎಂದೆ.

ಹೂಂ ಎಂದಳು. ಇವತ್ತು ಚೆನ್ನಾಗಿ ಉಂಡೆ.

ಸೆಪ್ಟೆಂಬರ್ ೧೪, ಭಾನುವಾರ

ಮೊದಲ ಅರ್ಹತಾ ಪಂದ್ಯ ಗೆದ್ದರು. ಉಚ್ಚೆಂಗೆಮ್ಮ ಪೂರ್ತಿ ಆಡಿದಳು, ಒಂದೂ ಗೋಲು ಬಿಡಲಿಲ್ಲ. ಟಿವಿಯಲ್ಲಿ ಅವಳನ್ನು ನೋಡಿ ಕಣ್ಣು ತುಂಬಿದವು. ಅಷ್ಟರಲ್ಲಿ ಕ್ಯಾಮೆರಾ ಶಬನಂ ಕಡೆ ತಿರುಗಿತು, ಕಣ್ಣು ಒರೆಸಿಕೊಂಡೆ. ಕೈಕಟ್ಟಿ ನಿಂತಿದ್ದಾಳೆ, ಗೆದ್ದರೂ ಕುಣಿಯುವುದಿಲ್ಲ. ಆ ಗಾಂಭೀರ್ಯ ನೋಡಿದರೆ ಇನ್ನೂ ಉರಿಯುತ್ತದೆ.

"ನಿನ್ನ ಹುಡುಗಿ ಗೆದ್ರೂ ಮಾರಿ ಯಾಕ ಸಪ್ಪಗ ಆತು?" ಎಂದರು ಯಜಮಾನರು. ತಲೆನೋವು ಎಂದೆ.

ಸೆಪ್ಟೆಂಬರ್ ೨೮, ಭಾನುವಾರ

ಮತ್ತೆ ಗೆದ್ದರು. ಇನ್ನೊಂದೇ ಪಂದ್ಯ. ಅದು ಡ್ರಾ ಆದರೂ ಸಾಕು, ಏಷ್ಯಾ ಮಟ್ಟದ ಟೂರ್ನಿಗೆ ಹೋಗುತ್ತಾರೆ. ಇವತ್ತು ದೇವರ ಮುಂದೆ ದೀಪ ಹಚ್ಚಿ, ದೇಶ ಗೆಲ್ಲಲಿ, ಉಚ್ಚೆಂಗೆಮ್ಮ ಮಿಂಚಲಿ, ಶಬನಂಗೆ ಮಾತ್ರ ಯಾವುದಾದರೂ ರೀತಿಯಲ್ಲಿ ಮುಖಭಂಗವಾಗಲಿ ಎಂದು ಬೇಡಿಕೊಂಡೆ. ಮೂರನ್ನೂ ಒಟ್ಟಿಗೆ ಹೇಗೆ ನಡೆಸಿಕೊಡುವುದೆಂದು ಬಸವಣ್ಣನಿಗೂ ತಲೆ ಕೆಟ್ಟಿರಬೇಕು.

ಅಕ್ಟೋಬರ್ ೧೨, ಭಾನುವಾರ

ಸೋತರು.

ಅಲ್ಲಿ ಮಳೆ ಬಂದಿತ್ತು. ಟಿವಿಯಲ್ಲೇ ಹುಲ್ಲು ಹೊಳೆಯುತ್ತಿತ್ತು. ಕೊನೆಯ ಹೊತ್ತಿನ ತನಕ ಗೋಲಿಲ್ಲದೆ ಸಮ ಸಮ. ಆಮೇಲೆ ಅವರ ಕಡೆಯಿಂದ ಒಂದು ಎತ್ತರದ ಚೆಂಡು ಬಂತು. ಉಚ್ಚೆಂಗೆಮ್ಮ ಅದರ ಕೆಳಗೇ ಇದ್ದಳು, ಹಿಂದೆ ಎದುರಾಳಿ ಹುಡುಗಿ. ಉಚ್ಚೆಂಗೆಮ್ಮ ಕಾಲು ಎತ್ತಿದಳು, ಆಮೇಲೆ ಇಳಿಸಿದಳು. ನಿಂತಳು. ಚೆಂಡು ನೆಲಕ್ಕೆ ಬಿತ್ತು. ಪುಟಿಯಲಿಲ್ಲ. ಒದ್ದೆ ಹುಲ್ಲಿನ ಮೇಲೆ ಜಾರಿ ಅವಳ ಪಕ್ಕದಿಂದ ಹೋಯಿತು, ಹಿಂದಿದ್ದವಳು ಓಡಿ ಬಂದು ಗೋಲು ಹೊಡೆದಳು.

ನಾನು ಹೊಡಿ ಹೊಡಿ ಎಂದು ಕೂಗುತ್ತಿದ್ದೆನಂತೆ. ಯಜಮಾನರು ಆಮೇಲೆ ಹೇಳಿದರು.

ಅಕ್ಟೋಬರ್ ೧೩, ಸೋಮವಾರ

ಶಬನಂಳ ಪತ್ರಿಕಾಗೋಷ್ಠಿಯನ್ನು ಮೊಬೈಲಿನಲ್ಲಿ ನೋಡಿದೆ. ಆ ಹುಡುಗಿ ಯಾಕೆ ನಿಂತಳು ಎಂದು ಒಬ್ಬ ಕೇಳಿದ. ಅವಳಿಗೆ ಆಟ ಬರುತ್ತಿರಲಿಲ್ಲವೇ ಎಂದು ಇನ್ನೊಬ್ಬ. ಶಬನಂ ನೀರು ಕುಡಿದು, ಆರಿಸಿದ್ದು ನಾನು, ಕಲಿಸಿದ್ದು ನಾನು, ಸೋಲು ನನ್ನದು ಎಂದಳು. ಹುಡುಗಿಯ ಹೆಸರನ್ನೇ ಎತ್ತಲಿಲ್ಲ.

ಕಲಿಸಿದ್ದು ನಾನು ಅಂತೆ! ಎಲ್ಲಿ ಕಲಿಸಿದಳು? ಯಾವಾಗ ಕಲಿಸಿದಳು? ಆ ಹುಡುಗಿ ಕಾಲು ಇಳಿಸಿ ನಿಂತದ್ದು ನನ್ನ ಮೈದಾನದಲ್ಲಿ, ನನ್ನ ಸೀಟಿ ಕೇಳಿ ಕಲಿತದ್ದು. ಹೆಸರು ಅವಳಿಗೆ, ಪೇಟ ಅವಳಿಗೆ, ಮುತ್ತು ಹೆಕ್ಕಿದ್ದು ಅವಳು. ಇಷ್ಟೂ ಸಾಲದೆಂದು ನನ್ನ ತಪ್ಪನ್ನೂ ತನ್ನದೆಂದು ಹೇಳಿಕೊಂಡಳಲ್ಲ. ಇಷ್ಟು ದಿನದ ಹೊಟ್ಟೆಕಿಚ್ಚು ಒಂದು ತೂಕ, ಇವತ್ತಿನದೇ ಒಂದು ತೂಕ. ಮೊಬೈಲನ್ನು ಸೋಫಾಕ್ಕೆ ಎಸೆದೆ. ನೆಲಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು, ಆದರೆ ಅದು ಹೊಸದು.

ಅಕ್ಟೋಬರ್ ೧೬, ಗುರುವಾರ

ಮೊಬೈಲಿನ ತುಂಬ ಶಬನಂಗೆ ಬೈಗುಳ. ತನ್ನ ಜಿಲ್ಲೆಯವಳೆಂದು ಸೇರಿಸಿಕೊಂಡಳು ಎನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದನ್ನು, ಅವಳ ಹೆಸರು ಹಿಡಿದು ಜಾತಿ ಹಿಡಿದು ಬರೆದವರೂ ಇದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಮಾರೇಶ ಮಾಸ್ತರು, ಅಂಥ ದೊಡ್ಡ ಕೆಲಸಕ್ಕೆ ಆಕೆ ತಕ್ಕವಳಲ್ಲ ಬಿಡಿ, ಬೆಂಚಿನ ಮೇಲೆ ಕೂತು ನೀರು ಕೊಡುತ್ತಿದ್ದವಳಂತೆ ಎಂದರು. ಅದನ್ನು ಅವರಿಗೆ ಹೇಳಿದವಳು ನಾನೇ, ಜೂನ್ ತಿಂಗಳಲ್ಲಿ. ನಿಮಗೆ ಫುಟ್‌ಬಾಲಿನ ಬಗ್ಗೆ ಏನು ಗೊತ್ತಿದೆ, ಕಪ್ಪೆ ಕೊಯ್ದುಕೊಂಡು ಸುಮ್ಮನಿರಿ ಎಂದುಬಿಟ್ಟೆ. ಅವರು ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಬೇರೆ ಯಾರಾದರೂ ಶಬನಂಳನ್ನು ಬೈದರೆ ನನಗೆ ಯಾಕೆ ಹೀಗಾಗುತ್ತದೆಯೋ. ಬೈಯುವ ಹಕ್ಕು ಮೂವತ್ತು ವರ್ಷದಿಂದ ನನ್ನದಾಗಿತ್ತು, ಅದಕ್ಕಿರಬೇಕು.

ಅಕ್ಟೋಬರ್ ೧೭, ಶುಕ್ರವಾರ

ಒಂದು ಚಾನೆಲಿನ ವರದಿಗಾರ ಶಾಲೆಗೆ ಬಂದಿದ್ದ. ಹುಡುಗಿ ಇನ್ನೂ ತಯಾರಿರಲಿಲ್ಲ, ಕೋಚ್ ಅವಸರ ಮಾಡಿದರು ಎಂದು ಒಂದು ಮಾತು ಹೇಳಿ ಮೇಡಂ, ಸಂಜೆಯ ಸುದ್ದಿಗೆ ಹಾಕುತ್ತೇನೆ ಎಂದ. ಟಿವಿಯಲ್ಲಿ ಬರುವ ಆಸೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೂದಲು ಸರಿ ಮಾಡಿಕೊಂಡೆ.

ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪುಟಿಯುವ ತನಕ ಕಾಯಲು ಕಲಿಸಿದವಳು ನಾನು, ಬೇಡವೆಂದು ಕೋಚ್ ಹೇಳುತ್ತಿದ್ದಾಗ ನನ್ನದನ್ನು ಮರೆಯಬೇಡ ಎಂದು ಫೋನಿನಲ್ಲಿ ಹೇಳಿದವಳೂ ನಾನು ಎಂದೆ. ಅವನು ಕ್ಯಾಮೆರಾ ಇಳಿಸಿದ. "ನಿಮ್ಮ ಹೆಸರು ಯಾರಿಗೂ ಗೊತ್ತಿಲ್ರಿ ಮೇಡಂ, ಇದು ಸುದ್ದಿ ಆಗಂಗಿಲ್ಲ" ಎಂದು ವಿನಯದಿಂದಲೇ ಹೇಳಿ ಚಹಾ ಕುಡಿದು ಹೋದ.

ತಪ್ಪು ಮಾಡಿದರೂ ಪೇಪರಿಗೆ ಬರಲು ದೊಡ್ಡವರಾಗಿರಬೇಕು.

ಅಕ್ಟೋಬರ್ ೨೯, ಬುಧವಾರ

ಶಬನಂಳನ್ನು ಕೆಲಸದಿಂದ ತೆಗೆದರು. ಪೇಪರಿನಲ್ಲಿ ನಾಲ್ಕು ಸಾಲು. ಬೇಕಾಗಿದ್ದು ಆಯಿತಲ್ಲ, ಇನ್ನೇನು.

ನವೆಂಬರ್ ೯, ಭಾನುವಾರ

ಉಚ್ಚೆಂಗೆಮ್ಮ ಕ್ಯಾಂಪಿನಿಂದ ಬಂದವಳು ನೇರ ಊರಿಗೆ ಹೋಗಿದ್ದಾಳೆ, ಕಾಲೇಜಿಗೂ ಇಲ್ಲ, ಮೈದಾನಕ್ಕೂ ಇಲ್ಲ. ಇವತ್ತು ಕೆಂಚನಗುಡ್ಡಕ್ಕೆ ಹೋದೆ. ಹೊಳೆದಂಡೆಯಲ್ಲಿ ಅಪ್ಪನ ಬಲೆ ಒಣಗಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಕಾಲಿಗೆ ಬಿದ್ದಳು, ಆದರೆ ಮುಖ ನೋಡಲಿಲ್ಲ.

ಮೊದಲಿನಿಂದ ಶುರು ಮಾಡೋಣ, ನಾಳೆಯೇ ಬಳ್ಳಾರಿಗೆ ಬಾ ಎಂದೆ. ಇನ್ನು ಆಡುವುದಿಲ್ಲ ಎಂದಳು. ಯಾಕೆ ಎಂದು ಕೇಳಿದೆ, ಕೇಳಬಾರದಿತ್ತು.

"ಚೆಂಡು ಬಂದಾಗ ಒಳಗ ಎರಡು ದನಿ ಕೇಳತಾವ್ರಿ. ಒಂದು ಹೊಡಿ ಅಂತೈತಿ, ಒಂದು ತಡಿ ಅಂತೈತಿ. ಯಾವುದರ ಮಾತು ಕೇಳಬೇಕಂತ ತಿಳಿಯೂದ್ರಾಗ ಚೆಂಡು ಹೋಗಿಬಿಡತೈತ್ರಿ."

ನಾನು ಫೋನಿನಲ್ಲಿ ಹೇಳಿದ್ದನ್ನು ಶಬನಂಗೆ ಹೇಳಿದೆಯಾ ಎಂದು ಕೇಳಿದೆ. ನಿಮ್ಮ ಹೆಸರು ಕೆಡುತ್ತದೆಂದು ಹೇಳಲಿಲ್ಲ ಎಂದಳು. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಹೊರಗೆ ಮುಖ ಹಾಕಿ ಕೂತೆ. ಪಕ್ಕದ ಹೆಂಗಸು ವಾಂತಿ ಬರುತ್ತಿದೆ ಎಂದುಕೊಂಡು ನಿಂಬೆಹಣ್ಣು ಕೊಟ್ಟಳು.

ನವೆಂಬರ್ ೧೬, ಭಾನುವಾರ

ಸಿರುಗುಪ್ಪಕ್ಕೆ ಹೋಗಿದ್ದೆ, ಜಗಳ ಆಡಲೆಂದೇ. ದಾರಿಯ ಎರಡೂ ಕಡೆ ಭತ್ತ ಕೊಯ್ಯುವ ಮಷೀನುಗಳು. ಶಬನಂ ತನ್ನ ಅಮ್ಮ ಮುಮ್ತಾಜ್ ಬೀಯ ಜೊತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಸೊರಗಿದ್ದಾಳೆ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಮುಮ್ತಾಜ್ ಬೀ ಚಹಾ ಮಾಡಲು ಒಳಗೆ ಹೋದದ್ದೇ ನಾನು ಶುರು ಮಾಡಿದೆ.

"ಕಲಿಸಿದ್ದು ನಾನು ಅಂತ ಹೆಂಗ ಹೇಳಿದಿ? ಕಲಿಸಿದಾಕಿ ನಾ. ಫೋನಿನ್ಯಾಗ ಮರೀಬ್ಯಾಡ ಅಂತ ಹೇಳಿದಾಕಿನೂ ನಾ."

"ಗೊತ್ತೈತಿ."

"ಹುಡುಗಿ ಹೇಳಿದ್ಲೇನು?"

"ಇಲ್ಲ. ನಾ ನಿನಗ ಫೋನ್ ಮಾಡಿ ಕರದ ಎರಡು ದಿನಕ್ಕ ಆಕಿ ಆಟ ನೋಡಿದೆ. ಅಷ್ಟು ದಿನ ಅರ್ಧ ಬಿಟ್ಟಿದ್ಲು, ಅವತ್ತು ಮತ್ತ ನಿನ್ನಂಗ ನಿಂತ್ಲು. ಬ್ಯಾರೆ ಯಾರು ಹೇಳ್ತಾರ?"

ಗೊತ್ತಿದ್ದೂ ಯಾಕೆ ಆಡಿಸಿದೆ ಎಂದು ಕೇಳಿದೆ. ನನ್ನ ದನಿ ಏರಿತ್ತು, ಅವಳದು ಏರಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು.

"ಆಕಿಗಿಂತ ಚಲೋ ಡಿಫೆಂಡರ್ ಇಡೀ ದೇಶದಾಗ ನನಗ ಸಿಗಲಿಲ್ಲ ಗಂಗಿ. ನೀ ತಯಾರ ಮಾಡಿದ್ದು ಅಷ್ಟು ಚಲೋ ಇತ್ತು. ಕುಂದು ಗೊತ್ತಿದ್ದೇ ಆರಿಸಿದೆ. ಹನ್ನೊಂದು ಮಂದಿನ್ನ ಮೈದಾನಕ್ಕ ಬಿಟ್ಟಾಕಿ ನಾ. ಬಿಟ್ಟ ಮ್ಯಾಲ ತಪ್ಪು ಆಕಿದೂ ಅಲ್ಲ, ನಿಂದೂ ಅಲ್ಲ."

ಎಷ್ಟು ವರ್ಷದಿಂದ ಕಾಯುತ್ತಿದ್ದ ಮಾತು. ಬಂದದ್ದು ಹೀಗೆ, ಚಹಾ ಕುದಿಯುವ ಹೊತ್ತಿನಲ್ಲಿ, ಅದರ ಬೆನ್ನಿಗೇ ನಿನ್ನ ತಪ್ಪು ನಿನ್ನದಲ್ಲ ಎಂದು ಕಿತ್ತುಕೊಂಡ ಹಾಗೆ. ನಾನು ಆ ಕುರ್ಚಿಯಲ್ಲಿ ಕೂತಿದ್ದರೆ, ಪತ್ರಿಕೆಯವರು ಬಾಯಿ ತೆರೆಯುವ ಮೊದಲೇ, ಬಳ್ಳಾರಿಯಲ್ಲಿ ಒಬ್ಬಳು ಪಿ.ಟಿ. ಮೇಡಂ ಇದ್ದಾಳೆ, ಎಲ್ಲ ಅವಳ ಕೆಲಸ ಎಂದುಬಿಡುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಅವಳ ಮುಂದೆ ಅಳಬಾರದೆಂದು ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದೆ. ಆ ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ.

ಮುಂದೇನು ಮಾಡುತ್ತೀಯ ಎಂದು ಕೇಳಿದ್ದಕ್ಕೆ, ಸದ್ಯಕ್ಕೆ ಯಾರೂ ಕರೆಯುತ್ತಿಲ್ಲ ಎಂದಳು. ಕೊಯ್ಲು ಮುಗಿದು ಗದ್ದೆ ಖಾಲಿಯಾದ ಮೇಲೆ ಊರಿನ ಹುಡುಗಿಯರನ್ನು ಸೇರಿಸಿ ಆಡಿಸುತ್ತಾಳಂತೆ. ಉಚ್ಚೆಂಗೆಮ್ಮ ಹೇಗಿದ್ದಾಳೆ ಎಂದು ಕೇಳಿದಳು. ಆಟ ಬಿಟ್ಟಿದ್ದಾಳೆ ಎಂದೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಮಾತ್ರ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ನವೆಂಬರ್ ೧೯, ಬುಧವಾರ

ಏನೂ ಬರೆಯುವ ಮನಸ್ಸಿಲ್ಲ. ನಮ್ಮಿಬ್ಬರಲ್ಲಿ ಒಬ್ಬರ ದನಿ ಉಚ್ಚೆಂಗೆಮ್ಮನ ಒಳಗಿನಿಂದ ಹೋಗಬೇಕು. ಶಬನಂ ತನ್ನದನ್ನು ಬಿಡುತ್ತಾಳೆ, ಕೇಳಿದರೆ ಇವತ್ತೇ ಬಿಡುತ್ತಾಳೆ, ಅವಳ ಜಾಯಮಾನವೇ ಅದು. ಅದಕ್ಕೇ ಕೇಳಲು ಮನಸ್ಸಾಗುತ್ತಿಲ್ಲ.

ನವೆಂಬರ್ ೨೩, ಭಾನುವಾರ

ಮತ್ತೆ ಕೆಂಚನಗುಡ್ಡ. ಉಚ್ಚೆಂಗೆಮ್ಮ ಮನೆಯ ಮುಂದೆ ಪಾತ್ರೆ ತಿಕ್ಕುತ್ತಿದ್ದಳು. ಇವತ್ತೂ ಕಾಲಿಗೆ ಬೀಳಲು ಬಂದಳು, ತಡೆದೆ. ಹೇಳಬೇಕೆಂದುಕೊಂಡು ಬಂದದ್ದನ್ನು ಬಸ್ಸಿನಲ್ಲಿ ಚೆನ್ನಾಗಿ ಜೋಡಿಸಿಕೊಂಡಿದ್ದೆ. ಕೊನೆಗೆ ಒರಟಾಗಿಯೇ ಹೇಳಿದೆ. ಪುಟಿಯುವ ತನಕ ಕಾಯಿ ಎಂದು ನಾನು ಹೇಳಿದ್ದು ಬಳ್ಳಾರಿ ನೆಲಕ್ಕೆ, ನಿನಗೆ ಇನ್ನು ಆ ನೆಲ ಸಾಲದು. ನನ್ನ ಮಾತು ಬಿಟ್ಟುಬಿಡು. ಮುಂದಿನ ವಾರ ಸಿರುಗುಪ್ಪದ ಗದ್ದೆ ಖಾಲಿಯಾಗುತ್ತದೆ, ಶಬನಂ ಮೇಡಂ ಹತ್ತಿರ ಹೋಗು, ಅವಳು ಹೇಳಿದ ಹಾಗೆ ಆಡು, ಬಳ್ಳಾರಿಗೆ ನನ್ನ ಹತ್ತಿರ ಮತ್ತೆ ಬರಬೇಡ.

ಬೂದಿ ಕೈ ತೊಳೆದುಕೊಂಡಳು. ಆಮೇಲೆ, ಈ ತಿಂಗಳಲ್ಲಿ ಮೊದಲ ಸಲ, ನನ್ನ ಮುಖ ನೋಡಿದಳು.

"ನಾ ಅವರ ಹತ್ರ ಹೋದ್ರ ನಿಮಗ ಹೊಟ್ಟಿ ಉರಿಯಂಗಿಲ್ಲೇನ್ರಿ ಮೇಡಂ?"

"ಉರೀತೈತಿ," ಎಂದೆ. "ಆದ್ರೂ ಹೋಗು."